ದೊಡ್ಡವರಿಗೆ ಧರ್ಮೋಪದೇಶ ಹೇಳಲು ಹೋಗಿ

ಮಕ್ಕಳಿಗೆ ಧರ್ಮೋಪದೇಶ ಹೇಳುವುದು ಸುಲಭ. ಅರ್ಥವಾಗದಿದ್ದರೆ ಬಾಯಿಪಾಠ ಮಾಡಿ ಒಪ್ಪಿಸಿ ಆಟಕ್ಕೆ ಓಡುತ್ತಾರೆ. ದೊಡ್ಡವರು ಹಾಗಲ್ಲ, ಅವರಿಗೆ ಅರ್ಥವಾಗಿಬಿಡುತ್ತದೆ. ಕಷ್ಟ ಶುರುವಾಗುವುದೇ ಅಲ್ಲಿಂದ.

ನಾನು ಕೊಳ್ಳೇಗಾಲದಲ್ಲಿ ಸ್ಕೂಲ್ ಟೀಚರ್ ಆಗಿದ್ದವಳು. ನಿವೃತ್ತಳಾದ ಮರುವಾರವೇ ನಮ್ಮ ಚರ್ಚಿನ ಫಾದರ್ ಮನೆಗೆ ಬಂದು, ಕಾಫಿ ಕುಡಿದು, "ಟೀಚರ್, ಇನ್ನು ನೀವು ಫ್ರೀ ಅಲ್ವಾ?" ಎಂದರು. ಪಾದ್ರಿಗಳ ಆ ಪ್ರಶ್ನೆಗೆ ಹೌದು ಎಂದವರು ಯಾರೂ ಆಮೇಲೆ ಫ್ರೀ ಆಗಿ ಉಳಿದದ್ದಿಲ್ಲ. ಅಂದಿನಿಂದ ನಾನು ಉಪದೇಶಿ. ಭಾನುವಾರ ಪೂಜೆ ಮುಗಿದ ಮೇಲೆ ಕೊಳ್ಳೇಗಾಲದಲ್ಲಿ, ವಾರದ ನಡುವೆ ಬಸ್ಸು ಹತ್ತಿ ಯಳಂದೂರಿನಲ್ಲಿ, ಹನೂರಿನ ಕಡೆಯ ಹಳ್ಳಿಗಳಲ್ಲಿ, ನಮ್ಮ ವಿಶ್ವಾಸ ಏನು, ಸಂಸ್ಕಾರಗಳು ಯಾಕೆ ಎಂದು ಬಿಡಿಸಿ ಹೇಳುವುದು ನನ್ನ ಕೆಲಸ. ಮದುವೆಯಾಗಿ ಹೊಸದಾಗಿ ಚರ್ಚಿಗೆ ಬಂದವರು, ಮಗುವಿಗೆ ಜ್ಞಾನಸ್ನಾನ ಮಾಡಿಸಬೇಕಾದವರು, ಚಿಕ್ಕಂದಿನಲ್ಲಿ ಕಲಿತದ್ದೆಲ್ಲ ಮರೆತ ಅಜ್ಜ ಅಜ್ಜಿಯರು, ಎಲ್ಲರೂ ಬಂದು ಕೂರುತ್ತಾರೆ. ವಾಪಸ್ ಬರುವಾಗ ಬಸ್ಸಿನಲ್ಲಿ ನಾನೊಬ್ಬಳೇ ನಗುತ್ತಾ ಕೂತಿರುವುದನ್ನು ನೋಡಿ ನೋಡಿ ಕಂಡಕ್ಟರುಗಳಿಗೂ ಅಭ್ಯಾಸವಾಗಿದೆ.

ಅಂಗಡಿ ಯಜಮಾನರ ತಿದ್ದುಪಡಿ

ನಮ್ಮಲ್ಲಿ ಉಪವಾಸ, ಪ್ರಾರ್ಥನೆಯ ತಪಸ್ಸುಕಾಲ ಶುರುವಾಗುವುದು ವಿಭೂತಿ ಬುಧವಾರದಿಂದ. ಅಂದು ಫಾದರ್ ಎಲ್ಲರ ಹಣೆಗೂ ಬೂದಿಯಲ್ಲಿ ಶಿಲುಬೆ ಗುರುತು ಹಾಕುತ್ತಾರೆ. ಯಳಂದೂರಿನಲ್ಲಿ ನನ್ನ ತರಗತಿಗೆ ಒಬ್ಬ ಲೈನ್‌ಮನ್ ಬರುತ್ತಿದ್ದ. ಹೆಂಡತಿಯ ಕಡೆಯಿಂದ ಹೊಸದಾಗಿ ಚರ್ಚಿಗೆ ಬಂದವನು, ಬಲು ಶ್ರದ್ಧೆ. ಹಿಂದಿನ ವಾರವೇ ನಾನು ಹೇಳಿದ್ದೆ: "ಆ ಗುರುತಿಗೆ ನಾಚಿಕೊಳ್ಳಬಾರದು. ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಬೇಕು."

ಅವನು ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯಲ್ಲಿ ಶಿಲುಬೆ ಇಟ್ಟುಕೊಂಡು ಕೆಲಸಕ್ಕೆ ಹೋದ. ಸಂಜೆ ತರಗತಿಗೆ ಬಂದಾಗ ನೋಡಿದರೆ ಹಣೆಯ ಮೇಲೆ ಮೂರು ಅಡ್ಡ ಪಟ್ಟೆ! ಅಚ್ಚುಕಟ್ಟಾಗಿ, ಈ ಕಿವಿಯ ಕಡೆಯಿಂದ ಆ ಕಿವಿಯ ಕಡೆಗೆ.

"ಏನಪ್ಪಾ ಇದು?"

"ಗೊಬ್ಬರದ ಅಂಗ್ಡಿ ಯಜಮಾನ್ರು ಮಾಡಿದ್ದು ಕಣಮ್ಮ," ಎಂದ. ಆ ಯಜಮಾನರು ದಿನವೂ ಸ್ನಾನ ಮಾಡಿ ವಿಭೂತಿ ಧರಿಸಿಯೇ ಅಂಗಡಿ ಬಾಗಿಲು ತೆಗೆಯುವವರು. ಮೀಟರ್ ನೋಡಲು ಹೋದ ಇವನ ಹಣೆ ನೋಡಿ ಅವರಿಗೆ ಬಹಳ ಸಂತೋಷವಾಯಿತಂತೆ. ಕೂರಿಸಿ, ಟೀ ತರಿಸಿ, ಒಳಗಿಂದ ತಮ್ಮದೇ ವಿಭೂತಿ ಗಟ್ಟಿ ತಂದು, ಶಿಲುಬೆ ಒರೆಸಿ, ಕೈಯಾರೆ ತಿದ್ದಿ ಕಳಿಸಿದ್ದರು.

"ನೀನು ಧೈರ್ಯವಾಗಿ ಹೇಳಲಿಲ್ವಾ?"

"ಏಳ್ದೆ ಕಣಮ್ಮ. ಇದು ನಮ್ ಫಾದರ್ ಆಕಿದ್ದು ಅಂತ್ಲೇ ಏಳ್ದೆ. ಅದಕ್ಕವ್ರು, 'ಪಾಪ, ಬೇಜಾರ್ ಮಾಡ್ಕಬ್ಯಾಡ ಕಣ್ಲಾ, ನಿಮ್ ಸ್ವಾಮ್ಗಳಿಗೆ ವಯಸ್ಸಾಯ್ತು, ಕೈ ನಡುಗ್ತದೆ' ಅಂದ್ರು."

ಒಂದು ಕಾರ್ಡು, ಮೂರು ಹೆಸರು

ತ್ರಿತ್ವ ಹೇಳಿಕೊಡುವ ದಿನ ನಾನು ಮನೆಯಿಂದಲೇ ತಲೆನೋವಿನ ಮಾತ್ರೆ ಇಟ್ಟುಕೊಂಡು ಹೊರಡುತ್ತೇನೆ. ಪಿತ, ಸುತ, ಪವಿತ್ರಾತ್ಮ: ಮೂವರು, ಆದರೆ ದೇವರು ಒಬ್ಬನೇ. ದೊಡ್ಡ ದೊಡ್ಡ ಪಂಡಿತರೇ ಇಲ್ಲಿ ಕೈ ಮುಗಿದು ನಿಂತಿದ್ದಾರೆ; ಕೊಳ್ಳೇಗಾಲದ ನಮ್ಮ ಚರ್ಚಿನ ಹಿಂದಿನ ಶೀಟಿನ ಶೆಡ್ಡಿನಲ್ಲಿ ನಾನೇನು ಮಾಡಲಿ?

ಒಂದು ಭಾನುವಾರ ಸೂರ್ಯ, ಬೆಳಕು, ಶಾಖ ಎಂದೆ. ನೀರು, ಮಂಜು, ಆವಿ ಎಂದೆ. ಎಲ್ಲರೂ ನನ್ನ ಮುಖವನ್ನೇ ನೋಡಿದರು. ಕೊನೆಗೆ ರೇಷ್ಮೆಗೂಡು ಬಿಡಿಸುವ ಕೆಲಸದ ಒಬ್ಬ ಹೆಂಗಸು, "ಸುಮ್ಕಿರಿ ಟೀಚರ್, ಸೂರ್ಯ ಚಂದ್ರ ಯಾಕೆ? ನಾ ಏಳ್ತೀನಿ," ಎಂದು ಎದ್ದು ನಿಂತು ಉಳಿದವರ ಕಡೆ ತಿರುಗಿದಳು.

"ರೇಸನ್ ಕಾರ್ಡು ಒಂದೇಯ. ಅದ್ರಲ್ಲಿ ಎಸ್ರು ಮೂರು. ಮೂರು ಎಸ್ರದೆ ಅಂತ ಮೂರು ಕಾರ್ಡ್ ಕೊಟ್ಟಾರಾ? ಇಲ್ಲ. ಒಂದು ಕಾರ್ಡು ಅಂತ ಒಂದೇ ಆಳು ಅಂದಾರಾ? ಅದೂ ಇಲ್ಲ. ಅಷ್ಟೇಯ."

ಶೆಡ್ಡಿಗೆ ಶೆಡ್ಡೇ "ಹಾ" ಎಂದು ತಲೆಯಾಡಿಸಿತು. ನನಗೂ ಮಾತ್ರೆ ಉಳಿಯಿತು ಅನ್ನಿಸಿತು. ಆಗ ಹಿಂದೆ ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಕೈ ಎತ್ತಿದರು.

"ಅಲ್ಲ ಟೀಚರಮ್ಮ, ಈಗ ಕಾರ್ಡಲ್ಲಿ ಮನೆ ಯಜಮಾನಿ ಅಂತ ಎಂಗಸ್ರ ಎಸ್ರೇ ಮೊದ್ಲು ಇರ್ಬೇಕು, ಅಲ್ವಾ?"

"ಹೌದು ಅಜ್ಜಿ."

"ಮತ್ತೆ ಆ ಮಗನ ಎತ್ತವ್ವ ಮರಿಯಮ್ಮನ ಎಸ್ರು ಯಾಕಿಲ್ಲ? ಬಿಟ್ಟೋಗದೆ ಅಂತ ಫಾದರ್‌ಗೆ ಏಳಿ, ಸೇರುಸ್ಲಿ."

ಆ ಮಾತ್ರೆ ಅಂದು ಕೆಲಸಕ್ಕೆ ಬಂತು.

ಹೂಗ್ಯಂನ ದೂತ

ಹೂಗ್ಯಂ ಕಾಡಂಚಿನ ಊರು. ಮುಸುಕಿನ ಜೋಳ ತೆನೆ ಕಟ್ಟಿತೆಂದರೆ ಗಂಡಸರೆಲ್ಲ ರಾತ್ರಿ ಹೊಲದ ಅಟ್ಟಣೆ ಮೇಲೆ. ಹಂದಿ ಬಂದರೆ ತಮಟೆ, ಆನೆ ಬಂದರೆ ಪಟಾಕಿ. ಅಂಥವರನ್ನು ಹಗಲಲ್ಲಿ ಕೂರಿಸಿ ಪಾಠ ಹೇಳಿದರೆ ಅರ್ಧ ಜನ ತೂಕಡಿಸುತ್ತಾರೆ. ನಾನೂ ಎಬ್ಬಿಸುವುದಿಲ್ಲ.

ಅಂದು ಕಾವಲು ದೂತರ ಪಾಠ. "ದೇವರು ನಮ್ಮಲ್ಲಿ ಒಬ್ಬೊಬ್ಬರಿಗೂ ಒಬ್ಬ ದೂತನನ್ನು ಕೊಟ್ಟಿದ್ದಾನೆ. ನಮ್ಮ ಪಕ್ಕದಲ್ಲೇ ಇದ್ದು ಕಾಯುತ್ತಾನೆ," ಎಂದೆ. ತೂಕಡಿಸುತ್ತಿದ್ದ ಒಬ್ಬ ರೈತ ಫಕ್ಕನೆ ಕಣ್ಣು ಬಿಟ್ಟ.

"ಅಟ್ಟಣೆ ಮೇಲೂವೆ ಇರ್ತಾನಾ?"

"ಇರ್ತಾನೆ."

"ನಿದ್ದೆ ಗಿದ್ದೆ?"

"ಮಾಡೋದೇ ಇಲ್ಲ."

ಅವನು ಗೋಡೆಗೆ ಒರಗಿ ಮತ್ತೆ ಕಣ್ಣು ಮುಚ್ಚಿದ. ಅಷ್ಟು ನೆಮ್ಮದಿಯ ಮುಖವನ್ನು ನಾನು ಅಲ್ಲಿಯವರೆಗೆ ನನ್ನ ತರಗತಿಯಲ್ಲಿ ಕಂಡಿರಲಿಲ್ಲ. ನನ್ನ ಪಾಠ ಒಬ್ಬನ ಎದೆಗಾದರೂ ಇಳಿಯಿತಲ್ಲ ಎಂದು ಬೀಗಿಕೊಂಡು ಮನೆಗೆ ಬಂದೆ.

ಮುಂದಿನ ವಾರ ಹೋದಾಗ ಅವನು ಬಾಗಿಲಲ್ಲೇ ಕಾಯುತ್ತಿದ್ದ. ಮುಖದಲ್ಲಿ ಚೆನ್ನಾಗಿ ನಿದ್ದೆ ಮಾಡಿದ ಕಳೆ ತುಂಬಿತ್ತು, ನೆಮ್ಮದಿ ಇರಲಿಲ್ಲ. ಅವನ ಹೆಂಡತಿಯೇ ಮೊದಲು ಬಾಯಿ ಬಿಟ್ಟಳು: "ಇಬ್ಬಿಬ್ರು ಯಾಕೆ ಎದ್ದಿರ್ಬೇಕು ಅಂತ ಈವಯ್ಯ ಮನಿಕಂಡ್ಬುಟ್ರು ಕಣಮ್ಮ. ಅಂದಿ ಬಂದು ಒಂದ್ ಮೂಲೆ ಪೂರ್ತಿ ಮೇದ್ಬುಟ್ಟೋ."

"ಅಯ್ಯೋ, ದೂತ ಕಾಯೋದು ನಿಮ್ಮನ್ನಪ್ಪಾ, ಜೋಳವನ್ನಲ್ಲ! ನಿಮ್ಮ ಮೈಗೆ ಏನೂ ಆಗಲಿಲ್ಲ ತಾನೆ? ನೋಡಿ, ಅದೇ ಅವನ ಕೆಲಸ," ಎಂದೆ.

ಅವನು ತಲೆ ಕೆರೆದುಕೊಂಡ. "ಅದು ಸರಿ ಕಣಮ್ಮ. ಆದ್ರೆ ಒಂದು ಕೇಳ್ತೀನಿ, ಅಂದಿಗಳ್ಗೂ ಒಬ್ಬೊಬ್ಬ ದೂತ ಅವ್ನಾ? ಎದ್ದು ಅಷ್ಟು ಕಲ್ಲು ಬೀರಿವ್ನಿ, ಒಂದ್ಕೂ ತಾಗ್ನಿಲ್ಲ."

ನೆನಪಿರುವ ಅತ್ತೆ

ಹನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಸೊಸೆ ಮೊದಲ ಸಲ ಪಾಪನಿವೇದನೆಗೆ ತಯಾರಾಗುತ್ತಿದ್ದಳು. ಗುರುಗಳ ಬಳಿ ಹೋಗಿ ಮಾಡಿದ ತಪ್ಪನ್ನೆಲ್ಲ ಹೇಳಿಕೊಂಡು ಕ್ಷಮೆ ಬೇಡುವ ಸಂಸ್ಕಾರ. ಹುಡುಗಿಗೆ ಭಯ. "ಒಂದೂ ಮುಚ್ಚಿಡಬಾರದು" ಎಂದು ನಾನು ಬೇರೆ ಹೇಳಿದ್ದೆ.

ಆ ದಿನ ಫಾದರ್ ಚರ್ಚಿನ ಮೂಲೆಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಇವಳ ಸರದಿ ಬಂತು. ನೋಡಿದರೆ ಅತ್ತೆಯ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಾಳೆ! ನಾನು ಓಡಿದೆ.

"ಇದು ಒಬ್ಬೊಬ್ಬರೇ ಹೋಗೋದಮ್ಮ!"

"ಗೊತ್ತು ಟೀಚರ್. ಆದ್ರೆ ನಂಗೆ ಭಯಕ್ಕೆ ಎಲ್ಲಾ ಮರ್ತೋಗದೆ. ನಾ ಮಾಡಿರೋ ತಪ್ಪು ಒಂದೂ ಬಿಡ್ದಂಗೆ ನಮ್ಮತ್ತೆಗೆ ನೆನಪದೆ."

ಸಾಲಿನಲ್ಲಿದ್ದವರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡರು. ಆ ಅತ್ತೆಯ ಬಾಯಿ ಊರಿಗೇ ಗೊತ್ತು. ಸಾರಿಗೆ ಉಪ್ಪು ಹೆಚ್ಚಾದದ್ದು, ಬೆಳಿಗ್ಗೆ ಏಳದೆ ಮಲಗಿದ್ದು, ತವರಿಗೆ ಹೋದವಳು ಬರಲು ತಡಮಾಡಿದ್ದು, ಎಲ್ಲವೂ ಬೀದಿಯವರಿಗೆ ಬಾಯಿಪಾಠ. ಫಾದರ್ ನಗು ತಡೆದುಕೊಂಡು, "ಏನಮ್ಮಾ, ಏನು ತಪ್ಪು ಮಾಡಿದ್ದಾಳೆ ನಿಮ್ಮ ಸೊಸೆ?" ಎಂದರು.

ಅತ್ತೆ ಹುಡುಗಿಯನ್ನು ನೋಡಿದರು. ಅವಳು ಹೆದರಿ ಹತ್ತಿರ ಸರಿದು ನಿಂತಿದ್ದಳು. ಇವರ ಕೈಯನ್ನು ಬಿಡದೆ ಹಿಡಿದಿದ್ದಳು, ಅಮ್ಮನ ಕೈ ಹಿಡಿದ ಹಾಗೆ. ಅತ್ತೆ ಫಾದರ್ ಕಡೆ ತಿರುಗಿದರು.

"ಏನೂ ಇಲ್ಲ ಕಣ್ ಸ್ವಾಮಿ. ಚಿನ್ನದಂಥ ಮಗು. ಎದುರ್ ಮಾತು ಅಂತ ಒಂದಾಡ್ನಿಲ್ಲ ಇವ್ತಿನ ಗಂಟ."

ಸೊಸೆ ಅಳತೊಡಗಿದಳು. ಆಮೇಲೆ ಒಬ್ಬಳೇ ಹೋಗಿ ನಿವೇದನೆ ಮಾಡಿ ಹಗುರಾಗಿ ಬಂದಳು. ನಾನು ತಿರುಗಿ ನೋಡಿದರೆ ಅತ್ತೆ ಸಾಲಿನ ತುದಿಯಲ್ಲಿ ನಿಂತಿದ್ದಾರೆ.

"ನೀವು ಹೋದ ವಾರ ತಾನೆ ಮಾಡಿದ್ರಿ?" ಎಂದೆ.

"ಊಂ ಕಣಮ್ಮ," ಎಂದು ನನ್ನ ಕಿವಿಯ ಹತ್ತಿರ ಬಂದರು. "ಈಗ ಫಾದರ್ ಮುಂದೆ ಅಷ್ಟು ದೊಡ್ಡ ಸುಳ್ಳು ಏಳ್ಬುಟ್ಟೆನಲ್ಲ."

ಅಜ್ಜೀಪುರದ ಎಣ್ಣೆ

ನಮ್ಮಲ್ಲಿ ಕಾಯಿಲೆ ಬಿದ್ದವರಿಗೆ ಗುರುಗಳು ಬಂದು ಪ್ರಾರ್ಥಿಸಿ, ಹಣೆಗೆ, ಅಂಗೈಗೆ ಪವಿತ್ರ ಎಣ್ಣೆ ಹಚ್ಚುತ್ತಾರೆ. ರೋಗಿಗೆ ಬಲ ಬರಲಿ, ದೇವರ ಚಿತ್ತವಿದ್ದರೆ ಗುಣವಾಗಲಿ ಎಂದು. ಇದನ್ನು ನಾನು ಹೇಳಿದಷ್ಟು ಬೇರೆ ಯಾವುದನ್ನೂ ಹೇಳಿಲ್ಲ. ಆದರೂ ಜನರ ಲೆಕ್ಕ ಬೇರೆ: ಫಾದರ್ ಎಣ್ಣೆ ತಂದರು ಅಂದರೆ ಮುಗಿಯಿತು, ಸಾವಿನ ಚಪ್ಪರಕ್ಕೆ ಹೇಳಿ.

ಅಜ್ಜೀಪುರದ ಒಬ್ಬ ಅಜ್ಜಿಗೆ ಜ್ವರ ಬಂದು ಎದೆ ಕಟ್ಟಿತು. ಆಸ್ಪತ್ರೆ ತೋರಿಸಿ ಔಷಧಿ ಕೊಡಿಸಿ ಮನೆಗೆ ಕರೆತಂದಿದ್ದರು. ಆದರೂ ಗಂಜಿ ಒಳಗೆ ಇಳಿಯದು. ಮಗ ಹೆದರಿ ಫಾದರ್‌ಗೆ ಫೋನ್ ಮಾಡಿದ. ಜೊತೆಗೆ ನಾನೂ ಹೋದೆ. ಎಣ್ಣೆಯ ಬಟ್ಟಲು ಕಂಡದ್ದೇ ಅಜ್ಜಿ ಗೋಡೆಯ ಕಡೆ ತಿರುಗಿಬಿಟ್ಟರು.

"ಬ್ಯಾಡ. ಅಚ್ಚಿದ್ರೆ ಓಗ್ಬುಡ್ತೀನಿ."

ನಾನು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. "ಇದು ಕಳಿಸೋ ಎಣ್ಣೆ ಅಲ್ಲ ಅಜ್ಜಿ, ಏಳಿಸೋ ಎಣ್ಣೆ. ಹೋಗೋಕೆ ನಿಮಗೇನು ಅಷ್ಟು ಭಯ?"

ಅಜ್ಜಿ ಗೋಡೆಗೇ ಹೇಳಿದರು: "ಭಯ ಇಲ್ಲ. ನನ್ ತಂಗಿ ಬರ್ಬೇಕು."

ಆ ತಂಗಿಯನ್ನು ಗಡಿಯ ಕಡೆ, ತಮಿಳು ಮಾತಾಡುವ ಊರಿಗೆ ಕೊಟ್ಟಿತ್ತು. ಅಜ್ಜಿಯ ಮಗಳ ಮದುವೆಯಲ್ಲಿ ತನಗೆ ಉಡಿಸಿದ ಸೀರೆ ಬೀಗಿತ್ತಿಯ ಸೀರೆಗಿಂತ ಸಪ್ಪೆ ಎಂದು ಮುನಿಸಿಕೊಂಡು ಹೋದವರು ವರ್ಷಗಟ್ಟಲೆ ಈ ಕಡೆ ತಲೆ ಹಾಕಿರಲಿಲ್ಲ. ಹೋಗುವಾಗ ಅಜ್ಜಿಯೂ ಸಿಟ್ಟಿನಲ್ಲಿ, "ಇನ್ನು ನಾನ್ ಸತ್ತಾಗ್ಲೇ ಬಾ," ಎಂದಿದ್ದರು.

"ತಂಗಿ ಬರೋವರೆಗೆ ಇರೋಕೆ ಬಲ ಬೇಕಲ್ಲ ಅಜ್ಜಿ," ಎಂದೆ. ಕೊನೆಗೆ ಅಜ್ಜಿ ಮೆಲ್ಲಗೆ ನಮ್ಮ ಕಡೆ ತಿರುಗಿ ಅಂಗೈ ಚಾಚಿದರು. ಫಾದರ್ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ನಾವು ಹೊರಟೆವು. ಡಾಕ್ಟರ ಮಾತ್ರೆಯೋ, ಫಾದರ್ ಎಣ್ಣೆಯೋ, ಎರಡೂ ಸೇರಿಯೋ, ಮಾರನೆಯ ಬೆಳಿಗ್ಗೆ ಅಜ್ಜಿಗೆ ಎಚ್ಚರವಾದಾಗ ಜ್ವರ ಬಿಟ್ಟಿತ್ತು. ಕಾಫಿ ಕೇಳಿದರು. ಬಿಸಿಲು ಬೇಕೆಂದು ಜಗಲಿಗೆ ಬಂದು, ಕಂಬಳಿ ಹೊದ್ದು ಕೂತರು. ನಾನು ವಿಚಾರಿಸೋಣವೆಂದು ಮೊದಲ ಬಸ್ಸಿಗೇ ಹೋಗಿದ್ದರಿಂದ ಮುಂದಿನದನ್ನು ಕಣ್ಣಾರೆ ಕಂಡೆ.

ಆಗಿದ್ದು ಇಷ್ಟು. ಹಿಂದಿನ ದಿನ ಮಗ ಚಿಕ್ಕಮ್ಮನಿಗೂ ಫೋನ್ ಮಾಡಿ, "ಫಾದರ್ ಬಂದು ಎಣ್ಣೆ ಅಚ್ಚಿ ಓದ್ರು" ಎಂದಷ್ಟೇ ಹೇಳಿದ್ದ. ಅಷ್ಟು ಸಾಕಾಯಿತು. ಮನೆ ಮುಂದೆ ಜೀಪು ನಿಂತಿತು. ತಂಗಿ ಕೈಯಲ್ಲಿ ದೊಡ್ಡ ಹೂವಿನ ಹಾರ ಹಿಡಿದು ಇಳಿದರು. "ಅಕ್ಕಾ, ಎನ್ನೆ ವಿಟ್ಟು ಪೋಯಿಟ್ಟಿಯೇ" ಎಂದು ತಮಿಳಿನಲ್ಲಿ ಶುರು ಮಾಡಿ, "ನನ್ ಬುಟ್ಬುಟ್ ಓದ್ಯಲ್ಲಕ್ಕಾ" ಎಂದು ಕನ್ನಡಕ್ಕೆ ಬಂದು, ಎದೆ ಬಡಿದುಕೊಳ್ಳುತ್ತಾ ಜಗಲಿ ಹತ್ತಿ, ಕಂಬಳಿ ಹೊದ್ದವರನ್ನು ದಾಟಿ ಸೀದಾ ಒಳಗೆ ಓಡಿದರು.

"ಎಲ್ಲಿ ಮಲಗ್ಸಿದ್ದೀರೋ ನನ್ ಅಕ್ಕನ್ನ!"

ಜಗಲಿಯಿಂದ ಅಜ್ಜಿ ಹೇಳಿದರು: "ಇಲ್ಲೇ ಕೂತಿವ್ನಿ ಕಣೇ. ಆ ಆರ ಇತ್ಲಾಗಿ ತತ್ತಾ, ಬಾಡೋಯ್ತದೆ."

ತಂಗಿ ತಿರುಗಿ ಬಂದು ಹೊಸಿಲಲ್ಲೇ ಕಲ್ಲಾದರು. ಅಜ್ಜಿ ಕಂಬಳಿ ಸರಿಸಿದರು. "ಸತ್ತಾಗ್ಲೇ ಬಾ ಅಂದಿದ್ದೆ, ಬಂದ್ಬುಟ್ಟೆ. ಈಗ ಸಾಯ್ನಿಲ್ಲ ಅಂತ ವಾಪಸ್ ಓಯ್ತೀಯಾ?"

ತಂಗಿ ಬಂದು ಅಕ್ಕನ ತೊಡೆಯ ಮೇಲೆ ಬಿದ್ದುಕೊಂಡರು. ನಿಜವಾದ ಅಳು ಆಗ ಬಂತು, ಇಬ್ಬರಿಗೂ. ಹಾರವನ್ನು ಒಳಗಿನ ಮರಿಯಮ್ಮನ ಪಟಕ್ಕೆ ಹಾಕಿದೆವು. ತಂಗಿ ಅಕ್ಕನಿಗೆ ಗಂಜಿ ಕುಡಿಸುತ್ತಾ ಅಲ್ಲೇ ಉಳಿದರು.

ಈ ಸುದ್ದಿ ಅಜ್ಜೀಪುರವೆಲ್ಲ ಹಬ್ಬಿತು. ಅಜ್ಜಿ ಗುಣವಾದದ್ದಕ್ಕೆ ಅವರ ಮನೆಯಲ್ಲಿ ಇಟ್ಟ ಪೂಜೆಗೆ ಫಾದರ್ ಜೊತೆ ನಾನು ಹೋದಾಗ ಅಂಗಳದ ತುಂಬ ಜನ. ಚರ್ಚಿನವರು, ಪಕ್ಕದ ಬೀದಿಯವರು, ಎಣ್ಣೆಗೆ ಕೈ ಚಾಚಿಕೊಂಡು ಸಾಲಾಗಿ ನಿಂತಿದ್ದಾರೆ. ಒಬ್ಬರಿಗೆ ಮಂಡಿ, ಒಬ್ಬರಿಗೆ ಸೊಂಟ, ಒಬ್ಬರಿಗೆ ಸುಮ್ಮನೆ ಬೇಜಾರು. ಫಾದರ್ ನನ್ನ ಕಡೆ ನೋಡಿದರು. ನಾನು ಮುಂದೆ ಬಂದು, "ಇದು ಜೋರು ಕಾಯಿಲೆ ಇದ್ದವರಿಗೆ, ಪ್ರಾಣಕ್ಕೆ ಅಪಾಯ ಇದ್ದವರಿಗೆ," ಎಂದು ಬಿಡಿಸಿ ಹೇಳಿದೆ. ಯಾರೂ ಕದಲಲಿಲ್ಲ.

ಆಗ ಅಜ್ಜಿ ಜಗಲಿಯಿಂದ ಕೋಲು ಕುಟ್ಟಿ ಕೂಗಿದರು: "ಟೀಚರಮ್ಮ ಏಳಿದ್ದು ತಿಳೀನಿಲ್ವಾ? ಸಾಯೋರೆಲ್ಲ ಮುಂದಕ್ ಬನ್ನಿ! ಮಂಡಿನೋವ್ನೋರು ಇಂದಕ್ ಓಗಿ!"

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ತಾತ ಮಂಡಿ ಹಿಡಿದುಕೊಂಡು, ಇದ್ದವರಲ್ಲೆಲ್ಲ ಮೊದಲು ಹಿಂದಕ್ಕೆ ಓಡಿದರು.