ಹಿಂದಿನ ಸೀಟಿನ ಬ್ರೇಕು

ಲಿಫ್ಟ್ ಇನ್ಸ್‌ಪೆಕ್ಟರು ಯಾರನ್ನೂ ನಂಬುವ ಮನುಷ್ಯರಲ್ಲ. ಇದನ್ನು ಚಾಡಿ ಎಂದು ತಿಳಿಯಬೇಡಿ. ಅವರ ಮೇಲಧಿಕಾರಿಗಳು ಮೂವತ್ತೊಂದು ವರ್ಷ ಇದನ್ನೇ ಸದ್ಗುಣವೆಂದು ಹೊಗಳಿದ್ದರು. ಹಗ್ಗ ಇವತ್ತೇ ಕಡಿಯುತ್ತದೆ ಎಂದುಕೊಂಡೇ ಲಿಫ್ಟಿನೊಳಗೆ ಕಾಲಿಡಬೇಕು, ಅದು ಅವರ ವೃತ್ತಿಧರ್ಮ. ತೊಂದರೆಯೆಂದರೆ, ಸಂಜೆ ಮನೆಗೆ ಬರುವಾಗ ಆ ಧರ್ಮವನ್ನು ಅವರು ಕಚೇರಿಯಲ್ಲಿ ಬಿಟ್ಟು ಬರುತ್ತಿರಲಿಲ್ಲ. ಮನೆಯ ಸ್ಟೂಲನ್ನೂ ಅಲುಗಾಡಿಸಿ ನೋಡದೆ ಕೂರುವವರಲ್ಲ. ಎಲ್ಲೇ ನಟ್ಟು ಕಂಡರೂ ಜೇಬಿನ ಸ್ಪ್ಯಾನರ್ ತೆಗೆದು ಏಳು ಸಲ ತಟ್ಟಿ, ವೈದ್ಯರ ಹಾಗೆ ಕಿವಿಗೊಟ್ಟು, ಆಮೇಲೆ ತಲೆಯಾಡಿಸುವರು. ಬಚ್ಚಲಿನ ಗೀಜರ್ ಮೇಲೆ ‘ತಪಾಸಣೆ ಮಾಡಲಾಗಿದೆ’ ಎಂಬ ಚೀಟಿ ತಾರೀಖು, ಸಹಿ ಸಮೇತ ಅಂಟಿಕೊಂಡಿತ್ತು. ಮದುವೆಯಾಗಿ ಮೂವತ್ತೈದು ವರ್ಷವಾದರೂ ಅಂಥ ಚೀಟಿಯ ಭಾಗ್ಯ ಹೆಂಡತಿಗೆ ಬಂದಿರಲಿಲ್ಲ.

ಹೆಂಡತಿ ಬಸ್ ಡ್ರೈವರ್. ಊರಿಗೆಲ್ಲ ಡ್ರೈವರಮ್ಮ. ಇಪ್ಪತ್ತೆಂಟು ವರ್ಷ ಒಂದೇ ಮಾರ್ಗದಲ್ಲಿ ಬಸ್ಸು ಓಡಿಸಿ, ಬಸ್ಸಿಗಾಗಲಿ ಜನಕ್ಕಾಗಲಿ ಒಂದು ಗೀರೂ ಬೀಳಿಸದೆ ನಿವೃತ್ತರಾದವರು. ಆ ಮಾರ್ಗದಲ್ಲಿ ಮನೆಯಿದ್ದೂ ಆ ಬಸ್ಸು ಹತ್ತದ ಮಹಾನುಭಾವರು ಒಬ್ಬರೇ! ಹೆಂಡತಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಇನ್ಸ್‌ಪೆಕ್ಟರು ಡಿಪೋಗೆ ಹೋಗಿ ಬ್ರೇಕಿನ ದಾಖಲೆ ಪುಸ್ತಕ ಕೇಳಿದ್ದರು. ಡಿಪೋದವರು ಬಾಗಿಲು ತೋರಿಸಿದ್ದರು.

“ನಾನು ಪರೀಕ್ಷೆ ಮಾಡದ ಯಂತ್ರದಲ್ಲಿ ನಾನು ಕೂರೋದಿಲ್ಲ” ಎಂದವರು ಅಂದಿನಿಂದ ಕಚೇರಿಗೆ ನಡೆದೇ ಹೋದರು. ದಿನಾ ಬೆಳಿಗ್ಗೆ ಬಸ್ಸು ಪಕ್ಕದಲ್ಲಿ ಹಾಯುವಾಗ ಅವರು ಕೊಡೆ ಎತ್ತುವರು. ಡ್ರೈವರಮ್ಮ ಒಮ್ಮೆ ಹಾರ್ನ್ ಒತ್ತುವರು. ಅವರ ದಾಂಪತ್ಯದ ಹಗಲಿನ ಪಾಲು ಅಷ್ಟೇ. “ನಮ್ಮ ಯಜಮಾನರಿಗೆ ನಡಿಗೆ ಇಷ್ಟ” ಎಂದು ಆಕೆ ಕಂಡಕ್ಟರಿಗೆ ಹೇಳುತ್ತಿದ್ದರು. ಕೆಲಸದ ಕೊನೆಯ ದಿನ, ಕೊನೆಯ ಸುತ್ತಿನಲ್ಲಿ, ತಮ್ಮ ಬೆನ್ನ ಹಿಂದಿನ ಸೀಟಿನ ಮೇಲೆ ಊಟದ ಚೀಲವಿಟ್ಟು ಬೇರೆ ಯಾರೂ ಕೂರದಂತೆ ನೋಡಿಕೊಂಡಿದ್ದರು. ಅಂದೂ ಇನ್ಸ್‌ಪೆಕ್ಟರು ದಾರಿಯಲ್ಲಿ ಕೊಡೆ ಎತ್ತಿದರು. ಡಿಪೋ ತನಕ ಆ ಸೀಟಿನಲ್ಲಿ ಚೀಲವೇ ಬಂತು.

ಇದನ್ನು ಮೂರು ತಿಂಗಳು ನುಂಗಿಕೊಂಡಿದ್ದ ಡ್ರೈವರಮ್ಮ ಒಂದು ಬೆಳಿಗ್ಗೆ ಚಹಾದ ಲೋಟ ಕುಕ್ಕಿ ಘೋಷಿಸಿದರು.

“ರೀ, ಕಾಡೊಳಗಿಂದ ನದಿ ಕಣಿವೆಗೆ ಇಳಿಯೋ ಸೈಕಲ್ ದಾರಿ ಇದೆಯಲ್ಲ, ಅಲ್ಲಿಗೆ ಹೋಗೋಣ. ಇಬ್ಬರು ತುಳಿಯೋ ಗುಡ್ಡದ ಸೈಕಲ್ಲು ಬಾಡಿಗೆಗೆ ಸಿಗುತ್ತೆ. ನಾನು ಮುಂದೆ, ನೀವು ಹಿಂದೆ. ಮೇಲಿನ ಗೇಟಿಂದ ನದಿ ತನಕ ಒಂದು ಸಲವೂ ನೆಲಕ್ಕೆ ಕಾಲೂರದೆ ಇಳಿಸ್ತೀನಿ. ಇಳಿಸದಿದ್ರೆ ನನ್ನನ್ನ ಡ್ರೈವರಮ್ಮ ಅನ್ನಬೇಡಿ!”

“ಹಿಂದಿನವನ ಹ್ಯಾಂಡಲ್ ತಿರುಗುತ್ತಾ?”

“ಇಲ್ಲ.”

“ಬ್ರೇಕು?”

“ಅದೂ ಇಲ್ಲ.”

“ಮತ್ತೇನಿರುತ್ತೆ ಅವನಿಗೆ?”

“ಎದುರಿಗೆ ಹೆಂಡತಿ ಬೆನ್ನಿರುತ್ತೆ. ನೋಡ್ಕೊಂಡು ತುಳೀರಿ.”

ಇನ್ಸ್‌ಪೆಕ್ಟರು ತಮ್ಮ ಲೋಟ ಕೆಳಗಿಟ್ಟರು. “ಆಗಲಿ. ಆದರೆ ಸೈಕಲ್ಲು ಎರಡು ದಿನ ಮುಂಚೆ ಮನೆಗೆ ಬರಬೇಕು.”

ಕಲ್ಲು ಕರಗಿತು ಎಂದುಕೊಂಡರು ಡ್ರೈವರಮ್ಮ. ಅಲ್ಲೇ ಅವರು ಎಡವಿದ್ದು.

ಎರಡು ದಿನ ಆ ಉದ್ದನೆಯ ಸೈಕಲ್ಲು ಹಾಲಿನಲ್ಲಿ ಸೋಫಾದಿಂದ ಊಟದ ಮೇಜಿನವರೆಗೆ ಚಾಚಿಕೊಂಡಿತ್ತು. ಅಡುಗೆಮನೆಗೆ ಹೋಗಬೇಕಾದರೆ ಡ್ರೈವರಮ್ಮ ಮಲಗುವ ಕೋಣೆಯನ್ನು ಸುತ್ತಿ ಬರಬೇಕು. ಬೆಳಗಿನಿಂದ ಸಂಜೆಯವರೆಗೆ ಟಕ್ ಟಕ್ ಟಕ್. “ಮಗು ಹುಷಾರಾಗಿದೆಯಾ?” ಎಂದು ಆಕೆ ಕೇಳಿದರೆ, “ನಾಡಿ ಸರಿಯಾಗಿದೆ” ಎಂಬ ಗಂಭೀರ ಉತ್ತರ. ಎರಡನೆಯ ದಿನ ಮಧ್ಯಾಹ್ನ ಹಾಲಿನ ಬಾಗಿಲು ಮುಚ್ಚಿತು. ಒಳಗೆ ನಡೆದದ್ದು ಡ್ರೈವರಮ್ಮನಿಗೆ ತಿಳಿದದ್ದು ಆಮೇಲೆ. ಓದುಗರಿಗೆ ಈಗಲೇ ತಿಳಿದಿರಲಿ. ಇನ್ಸ್‌ಪೆಕ್ಟರು ಅಟ್ಟದ ಮೇಲಿದ್ದ ಹಳೆಯ ಸೈಕಲ್ಲಿನ ಬ್ರೇಕನ್ನು ಕಿತ್ತು ಇದರ ಹಿಂದಿನ ಚಕ್ರಕ್ಕೆ ಜೋಡಿಸಿ, ತಂತಿಯನ್ನು ಕಪ್ಪು ಟೇಪಿನಲ್ಲಿ ಸುತ್ತಿ, ಹಿಡಿಯನ್ನು ತಮ್ಮ ಕೈಗೆ ಸಿಗುವಂತೆ, ಹಿಂದಿನ ಹ್ಯಾಂಡಲಿಗೆ ಮಡಚಿ ಕಟ್ಟಿದ ಜರ್ಕಿನ್ನಿನ ಮರೆಯಲ್ಲಿ ಕೂರಿಸಿದ್ದರು. ಎರಡನೆಯ ಬ್ರೇಕಿಲ್ಲದ ಲಿಫ್ಟಿಗೇ ಅವರು ಪರವಾನಗಿ ಕೊಟ್ಟವರಲ್ಲ. ಇನ್ನು ಹೆಂಡತಿಗೆ ಕೊಡುತ್ತಾರೆಯೇ!

ದಾರಿ ಚೆನ್ನಾಗಿತ್ತು. ಎರಡೂ ಕಡೆ ಎತ್ತರದ ಮರಗಳು, ಕಾಲಡಿಯಲ್ಲಿ ತರಗೆಲೆ, ಅಡ್ಡಡ್ಡ ಬೇರುಗಳು, ಕೆಳಗೆಲ್ಲೋ ನೀರಿನ ಸದ್ದು. ಡ್ರೈವರಮ್ಮ ತಿರುವು ನೋಡಿದ ಕೂಡಲೇ ಅದರ ಗುಣ ಹೇಳಬಲ್ಲವರು. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬುದು ಅವರ ಮೊಣಕೈಗೆ ಗೊತ್ತು. ಆದರೆ ಸೈಕಲ್ಲು ಮಾತ್ರ ಮಾತು ಕೇಳದು. ತಿರುವು ಬಂದಾಗಲೆಲ್ಲ ಕೆಸರಿಗಿಳಿದ ಎಮ್ಮೆಯ ಹಾಗೆ ನಿಲ್ಲಲು ನೋಡುತ್ತದೆ.

“ರೀ, ತುಳೀತಿದ್ದೀರಾ?”

“ತುಳೀತಾನೇ ಇದ್ದೀನಿ.”

“ಮತ್ತೆ ಯಾಕೆ ಹಿಂದಕ್ಕೆ ಎಳೆದ ಹಾಗಾಗ್ತಿದೆ?”

“ಗಾಳಿ ಎದುರಿದೆ.”

ಒಂದು ಎಲೆಯೂ ಅಲುಗುತ್ತಿರಲಿಲ್ಲ. ಇಳಿಜಾರಿನಲ್ಲಿ ಏದುಸಿರು ಬಿಡುತ್ತಾ ತುಳಿದ ಮೊದಲ ವ್ಯಕ್ತಿಯೆಂಬ ಕೀರ್ತಿ ಅಂದು ಡ್ರೈವರಮ್ಮನಿಗೆ ಸಂದಿತು.

ಇನ್ನೊಂದು ಮೈಲಿಯಾದ ಮೇಲೆ ಆಕೆಯ ಮೂಗು ಅರಳಿತು.

“ರೀ, ರಬ್ಬರ್ ಸುಟ್ಟ ವಾಸನೆ.”

“ಕಾಡು ಅಂದ ಮೇಲೆ ನೂರು ವಾಸನೆ ಇರುತ್ತೆ.”

“ಇಪ್ಪತ್ತೆಂಟು ವರ್ಷ ಬ್ರೇಕು ಮೂಸಿದ ಮೂಗು ಇದು. ನನಗೆ ಹೇಳಬೇಡಿ.”

“ಮುಂದೆ ನೋಡು, ಹಳ್ಳ!”

ಹಳ್ಳ ನಿಜವಾಗಿಯೂ ಬಂದಿತ್ತು. ದಾರಿ ಧಡಕ್ಕನೆ ಇಳಿದು, ಮೊಣಕಾಲುದ್ದದ ನೀರು ದಾಟಿ, ಅಷ್ಟೇ ಕಡಿದಾಗಿ ಮೇಲೇರುತ್ತದೆ. ಇಂಥಲ್ಲಿ ಇಳಿದ ರಭಸವೇ ಹತ್ತಿಸಬೇಕು. “ಗಟ್ಟಿಯಾಗಿ ಕೂತ್ಕೊಳ್ಳಿ, ಇಲ್ಲಿ ಬ್ರೇಕ್ ಹಿಡಿಯೋ ಹಾಗಿಲ್ಲ!” ಎಂದು ಕೂಗಿ ಡ್ರೈವರಮ್ಮ ಸೈಕಲ್ಲನ್ನು ಬಿಟ್ಟರು. ‘ಬ್ರೇಕ್ ಹಿಡಿಯೋ ಹಾಗಿಲ್ಲ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇನ್ಸ್‌ಪೆಕ್ಟರು ಮೂವತ್ತೊಂದು ವರ್ಷದ ಸೇವಾನಿಷ್ಠೆಯನ್ನೆಲ್ಲ ಬಲಗೈಗೆ ತಂದು ಹಿಡಿ ಒತ್ತಿದರು.

ಸೈಕಲ್ಲು ಹಳ್ಳದ ನಟ್ಟನಡುವೆ ನಿಂತಿತು. ಒಂದು ಕ್ಷಣ ಯಾವ ಕಡೆ ಬೀಳಲಿ ಎಂದು ಯೋಚಿಸಿತು. ಆಮೇಲೆ ಕೆಸರಿರುವ ಕಡೆಯನ್ನೇ ಆರಿಸಿಕೊಂಡಿತು.

ಡ್ರೈವರಮ್ಮ ಕೂದಲಿನಿಂದ ಪಾಚಿ ತೆಗೆಯುತ್ತಾ ಎದ್ದಾಗ, ಇನ್ಸ್‌ಪೆಕ್ಟರು ನೀರಿನಲ್ಲಿ ಕೂತಿದ್ದರು. ಕೈಯಲ್ಲಿ ಕಿತ್ತು ಬಂದ ಹಿಡಿ, ಅದಕ್ಕೆ ಜೋತುಬಿದ್ದ ತಂತಿ.

“ಏನ್ರೀ ಅದು?”

“ಎರಡನೇ ಬ್ರೇಕು.”

ಆಕೆ ಬೈಯಲಿಲ್ಲ. ಬೈದಿದ್ದರೆ ಇನ್ಸ್‌ಪೆಕ್ಟರು ಬದುಕಿಕೊಳ್ಳುತ್ತಿದ್ದರು.

“ಇಲ್ಲೂ ನನ್ನ ಬಸ್ಸು ಹತ್ತಲಿಲ್ಲ ನೀವು” ಎಂದರು, ಅಷ್ಟೇ.

ಬಿದ್ದ ಸದ್ದಿಗೆ ಆ ಭಾಗದ ಕಾಡಿನ ಕಾವಲುಗಾರ ಓಡಿಬಂದ. ಕೆಸರಿನ ಮುಖವನ್ನು ದಿಟ್ಟಿಸಿ ನೋಡಿದವನೇ ಅರಳಿದ. “ಡ್ರೈವರಮ್ಮಾ! ನೀವಾ? ನನ್ನ ಗುರುತು ಸಿಗಲ್ಲ ನಿಮಗೆ. ಹತ್ತು ವರ್ಷ ನಿಮ್ಮ ಬಸ್ಸಲ್ಲೇ ಕೆಲಸಕ್ಕೆ ಬಂದವನು. ಹತ್ತಿದ ಕೂಡಲೇ ಕಣ್ಣು ಮುಚ್ಚಿದರೆ ಇಳಿಯೋ ಸ್ಟಾಪಲ್ಲೇ ಬಿಡ್ತಿದ್ದೆ. ಈಗಿನ ಬಸ್ಸಲ್ಲಿ ನಿದ್ದೇನೇ ಬರಲ್ಲ ಬಿಡಿ!” ಆಮೇಲೆ ನೀರಿನ ಕಡೆ ನೋಡಿ, “ಇವರು?” ಎಂದ.

“ನಮ್ಮ ಯಜಮಾನರು.”

“ಹೌದಾ! ಬಸ್ಸಲ್ಲಿ ಒಂದು ದಿನವೂ ನೋಡಿದ ನೆನಪಿಲ್ಲವಲ್ಲ?”

ಇನ್ಸ್‌ಪೆಕ್ಟರು ತಲೆ ತಗ್ಗಿಸಿದರು. ಡ್ರೈವರಮ್ಮ ಸೆರಗಿಲ್ಲದ್ದರಿಂದ ಅಂಗಿಯ ತುದಿಯನ್ನೇ ಹಿಂಡುತ್ತಾ, “ಅವರಿಗೆ ನಡಿಗೆ ಇಷ್ಟ ಕಣಪ್ಪ” ಎಂದರು.

ಕಾವಲುಗಾರ ಸೈಕಲ್ಲನ್ನು ದಡಕ್ಕೆತ್ತಿ ಕೊಟ್ಟು ತನ್ನ ಕೆಲಸಕ್ಕೆ ಹೋದ. ಕರಗಿದ ರಬ್ಬರು ಹಿಂದಿನ ಚಕ್ರವನ್ನು ಕಚ್ಚಿ ಹಿಡಿದಿತ್ತು. ಇನ್ಸ್‌ಪೆಕ್ಟರು ಸ್ಪ್ಯಾನರ್ ತೆಗೆದರೆ ಡ್ರೈವರಮ್ಮ ಕಿತ್ತುಕೊಂಡರು. “ಮುಟ್ಟಬೇಡಿ. ಸಾಕು ನಿಮ್ಮ ತಪಾಸಣೆ.” ಚಕ್ರ ಬಿಚ್ಚಿ, ಗಂಡನ ಆವಿಷ್ಕಾರವನ್ನು ಕಿತ್ತು ಚೀಲಕ್ಕೆ ಹಾಕಿ, ಚಕ್ರವನ್ನು ಮತ್ತೆ ಕೂರಿಸಿ, ನಟ್ಟು ಬಿಗಿ ಮಾಡಿದರು. ಸಿಟ್ಟಿನಲ್ಲಿ ಎಲ್ಲವೂ ಬೇಗ ಮುಗಿಯಿತು. ಮುಗಿಸಿ, ಸ್ಪ್ಯಾನರನ್ನು ಗಂಡನ ಮುಂದೆ ಚಾಚಿದರು.

“ತಗೊಳ್ಳಿ. ಏಳು ಸಲ ತಟ್ಟಿ ನೋಡಿ. ನದಿಗೆ ಇನ್ನೂ ದಾರಿ ಇದೆ, ಇಳಿಜಾರು ಈಗ ಶುರುವಾಗೋದು.”

ಇನ್ಸ್‌ಪೆಕ್ಟರು ಸ್ಪ್ಯಾನರ್ ನೋಡಿದರು. ಚಕ್ರ ನೋಡಿದರು. ಕೈ ಮುಂದೆ ಬಂದು, ಅರ್ಧದಲ್ಲಿ ನಿಂತು, ವಾಪಸು ಹೋಯಿತು. ಅವರು ಹೋಗಿ ಹಿಂದಿನ ಸೀಟನ್ನು ಅಲುಗಾಡಿಸಿ ನೋಡದೆ ಹತ್ತಿ, ಎರಡೂ ಕಾಲು ನೆಲಕ್ಕೂರಿ ಕೂತರು. ಒದ್ದೆ ಕೈಗಳನ್ನು ಹ್ಯಾಂಡಲಿನ ಮೇಲಿಟ್ಟು, ಕಣ್ಣು ಮುಚ್ಚಿದರು.

“ಏನ್ರೀ, ನೋಡಲ್ವಾ?”

“ನೀನೇ ತಾನೇ ಬಿಗಿ ಮಾಡಿದ್ದು. ನಡಿ.”

ಡ್ರೈವರಮ್ಮ ಮುಂದಿನ ಸೀಟು ಹತ್ತಿದರು. ಒಂದು ಪೆಡಲಿನ ಮೇಲೆ ಕಾಲಿಟ್ಟರು. ಇಪ್ಪತ್ತೆಂಟು ವರ್ಷ ಬಸ್ಸು ತುಂಬ ಜನರನ್ನು ಬೆನ್ನ ಹಿಂದೆ ಕೂರಿಸಿಕೊಂಡು ಓಡಿಸಿದಾಗ ಹಿಂಜರಿಯದಿದ್ದ ಕಾಲು ಅಲ್ಲೇ ನಿಂತಿತು. ಎದುರಿಗೆ ಇಳಿಜಾರು, ಹಿಂದೆ ಕಣ್ಣು ಮುಚ್ಚಿದ ಒಬ್ಬ ಪ್ರಯಾಣಿಕ. ಆಕೆ ಮತ್ತೆ ಕೆಳಗಿಳಿದರು. ಸದ್ದಾಗದ ಹಾಗೆ ಬಗ್ಗಿ, ಹಿಂದಿನ ಚಕ್ರದ ನಟ್ಟಿಗೆ ಸ್ಪ್ಯಾನರ್ ಹಾಕಿದರು.

ಅರ್ಧ ಸುತ್ತು ಸಡಿಲವಿತ್ತು!

ಬಿಗಿ ಮಾಡಿ, ಸ್ಪ್ಯಾನರನ್ನು ಜೇಬಿಗಿಳಿಸಿ ಹತ್ತಿ ಕೂತರು.

“ಯಾಕೆ ಇಳಿದಿದ್ದೆ?” ಹಿಂದಿನಿಂದ ದನಿ ಬಂತು.

“ಗಾಳಿ ಎದುರಿದೆಯಾ ಅಂತ ನೋಡ್ದೆ.”

ಇನ್ಸ್‌ಪೆಕ್ಟರು ಕಣ್ಣು ಬಿಡಲಿಲ್ಲ.