ಪದ್ಮಿನಿಯ ಹಿಂದಿನ ಸೀಟು

ಹಳೆಯ ಕಾರು ಕೊಳ್ಳುವವರು ಕೊಡುವ ಕಾರಣಗಳನ್ನು ನೀವು ನಂಬಬೇಡಿ. ಆ ಕಾಲದ ಗಟ್ಟಿ ತಗಡು, ಎಂಜಿನ್ನಿನ ಗತ್ತು ಎಂದೆಲ್ಲ ನಾನೂ ನಮ್ಮ ಹೌಸಿಂಗ್ ಸೊಸೈಟಿ ತುಂಬ ಹೇಳಿಕೊಂಡು ತಿರುಗಿದ್ದೇನೆ. ನಿಜವಾದ ಕಾರಣ ಹೇಳಲು ನಾಚಿಕೆ. ಮದುವೆಯಾಗಿ ಉಡುಪಿಯಿಂದ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದಾಗಿನಿಂದ ನಾನೂ ನನ್ನ ಹೆಂಡತಿ ಸುಮತಿಯೂ ಲೋಕಲ್ ರೈಲಿನಲ್ಲೇ ಓಡಾಡಿದವರು. ಅವಳು ಲೇಡೀಸ್ ಡಬ್ಬಿಯಲ್ಲಿ, ನಾನು ಗಂಡಸರ ನೂಕುನುಗ್ಗಲಿನಲ್ಲಿ. ಮದುವೆ ಮನೆಗೆ ಹೋದರೂ ಸಾವಿನ ಮನೆಗೆ ಹೋದರೂ ಇಳಿದ ಮೇಲೆ ಪ್ಲಾಟ್‌ಫಾರಂನಲ್ಲಿ ಒಬ್ಬರನ್ನೊಬ್ಬರು ಹುಡುಕುವುದು. ನಿವೃತ್ತಿಯಾದ ಮೇಲಾದರೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸಬೇಕೆಂಬ ಆಸೆಗೆ ಬಿದ್ದು, ತುಕ್ಕು ಹಿಡಿದ ಒಂದು ಪದ್ಮಿನಿ ಕಾರು ತಂದೆ.

ಕಾರು ನಿಂತದ್ದು ಕೆಳಗೆ ಪಾರ್ಕಿಂಗಿನಲ್ಲಾದರೂ ಅದರ ಜೀರ್ಣೋದ್ಧಾರ ನಡೆದದ್ದೆಲ್ಲ ಮೇಲೆ, ನಮ್ಮ ಅಡುಗೆಮನೆಯಲ್ಲಿ. ಕಾರ್ಬುರೇಟರ್ ಇಡ್ಲಿ ಪಾತ್ರೆಯಲ್ಲಿ ಮಿಂದಿತು. ಸಾರಿಗೆಂದು ನೆನೆಸಿಟ್ಟ ಹುಣಸೆಹಣ್ಣಿನಲ್ಲಿ ನಾನು ಬಂಪರ್ ಉಜ್ಜಿದೆ. ಬಂಪರ್ ಫಳಫಳ ಹೊಳೆಯಿತು, ಸಾರು ಸಪ್ಪೆಯಾಯಿತು. "ಇದು ಅಡುಗೆಮನೆಯೋ ಗ್ಯಾರೇಜೋ ಮಾರಾಯ್ರೆ? ಪಲ್ಯಕ್ಕೂ ಗ್ರೀಸಿನ ವಾಸನೆ ಬರ್ತಾ ಉಂಟು" ಎಂದು ಸುಮತಿ ಗೊಣಗಿದಳು. ಪಕ್ಕದಲ್ಲಿ ಕೂತು ಗಾಳಿ ಕುಡಿದಾಗ ಎಲ್ಲ ಮರೆಯುತ್ತಾಳೆ ಎಂದುಕೊಂಡು ನಾನು ಉಜ್ಜುತ್ತಲೇ ಹೋದೆ.

ಕಾರಿನ ನೆಲದ ತಗಡು ಬದಲಿಸಲು ಸೀಟುಗಳನ್ನು ಕಳಚಬೇಕಾಯಿತು. ಹಿಂದಿನ ಉದ್ದ ಸೀಟು ಪಾರ್ಕಿಂಗಿನಲ್ಲಿ ಬಿದ್ದಿದ್ದನ್ನು ಕಂಡು ಸೊಸೈಟಿಯ ಸೆಕ್ರೆಟರಿ, "ಅಂಕಲ್, ಭಂಗಾರ್ ಇಧರ್ ನಹೀ ಚಲೇಗಾ" ಎಂದರು. ಗುಜರಿ ಸಾಮಾನು ಅಲ್ಲಿ ಇಡುವ ಹಾಗಿಲ್ಲವಂತೆ. ಹೊಸ ಸ್ಪಂಜು ತುಂಬಿಸಿ, ಕೆಂಪು ರೆಕ್ಸಿನ್ ಹೊದಿಸಿ, ಅದನ್ನು ನಮ್ಮ ಹಾಲ್‌ಗೆ ತಂದು ಹಾಕಿದೆ. ನಮ್ಮ ಸೋಫಾ ಎಷ್ಟು ಗಟ್ಟಿಯೆಂದರೆ ನೆಂಟರು ಕಾಫಿ ಬರುವ ಮೊದಲೇ ಏಳುತ್ತಾರೆ. ಸುಮತಿ ಒಂದು ಮಧ್ಯಾಹ್ನ ಕಾರಿನ ಸೀಟಿನ ಮೇಲೆ ಕೂತು ನೋಡಿದಳು. ಆಮೇಲೆ ಬೀನ್ಸ್ ಹೆಚ್ಚುವುದು, ತಂಗಿಯ ಜೊತೆ ಫೋನು, ಊಟದ ನಂತರದ ನಿದ್ದೆ ಎಲ್ಲ ಅದರ ಮೇಲೆಯೇ.

ನನ್ನ ಮುತುವರ್ಜಿಯೆಲ್ಲ ಮುಂದಿನ ಎಡಗಡೆಯ ಸೀಟಿನ ಮೇಲಿತ್ತು. ಅವಳ ಸೊಂಟಕ್ಕೆ ಒರಗು, ಮುಖಕ್ಕೆ ಗಾಳಿ ಬರಲು ಒಂದು ಪುಟ್ಟ ಫ್ಯಾನು. ಹಳೆಯ ಕಾರಿನ ಮಡಿವಂತರು ನೋಡಿದ್ದರೆ ನನ್ನನ್ನು ಪಂಕ್ತಿಯಿಂದ ಎಬ್ಬಿಸುತ್ತಿದ್ದರು. ಕೊನೆಗೆ ಹಿಂದಿನ ಸೀಟನ್ನೂ ಜೋಡಿಸುವ ದಿನ ಬಂದಾಗ ಅವಳು, "ಸೀಟು ಕೆಳಗೆ ಹೋದ್ರೆ ನಾನೂ ಅದರ ಜೊತೆಗೇ ಹೋಗ್ತೇನೆ, ನೋಡಿ" ಎಂದಳು. ನಾನು ತಮಾಷೆಯೆಂದುಕೊಂಡು ನಕ್ಕೆ.

ಮೊದಲ ಸವಾರಿ ಘೋಡಬಂದರ್ ರಸ್ತೆಯಲ್ಲಿರುವ ಮಗಳ ಮನೆಗೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಬಾಗಿಲು ತೆರೆದು ನಿಂತೆ. ಸುಮತಿ ನನ್ನನ್ನು ದಾಟಿ ಹೋಗಿ, ಹಿಂದೆ ಹತ್ತಿ, ಕಾಲು ಮಡಚಿ ಕೂತಳು.

"ಎದುರು ಬಾ ಸುಮತಿ."

"ನನಗೆ ಇದೇ ಅಭ್ಯಾಸ ಆಗಿ ಹೋಗಿದೆ. ನೀವು ರೋಡ್ ನೋಡಿ ಓಡಿಸಿ."

ನನಗೆ ಅಳುವೇ ಬಂದ ಹಾಗಾಯಿತು. ಸಿಟ್ಟಿನಲ್ಲೇ ಗೇರು ಎಳೆದು ಥಾಣೆಯವರೆಗೆ ಓಡಿಸಿದೆ. ಅಲ್ಲೊಂದು ಸಿಗ್ನಲ್‌ನಲ್ಲಿ ನಿಂತಾಗ, ಚೀಲ ಹಿಡಿದ ವೃದ್ಧರೊಬ್ಬರು ಬಗ್ಗಿ ಒಳಗೆ ನೋಡಿದರು. ಹಿಂದೆ ಒಬ್ಬಳು ಹೆಂಗಸು, ಮುಂದೆ ಖಾಲಿ ಸೀಟು. ಮುಂಬಯಿಯ ಹಳೆಯ ಟ್ಯಾಕ್ಸಿಗಳೆಲ್ಲ ಪದ್ಮಿನಿಗಳೇ ಆದ್ದರಿಂದ ಶೇರ್ ಟ್ಯಾಕ್ಸಿ ಎಂದು ತೀರ್ಮಾನಿಸಿ ಬಾಗಿಲು ತೆಗೆದು ಕೂತೇಬಿಟ್ಟರು. "ಘೋಡಬಂದರ್ ರೋಡ್, ಚಲಾ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಸುಮತಿ, "ಇರ್ಲಿ ಬಿಡಿ, ಪಾಪ. ನಾವು ಹೋಗುವ ದಾರಿಯೇ ಅಲ್ವಾ" ಎಂದಳು. ವೃದ್ಧರು ಒರಗಿಗೆ ಬೆನ್ನು ಕೊಟ್ಟು, ಫ್ಯಾನಿನ ಮೂತಿ ಸರಿಮಾಡಿಕೊಂಡು, ದಾರಿಯುದ್ದಕ್ಕೂ ತಮ್ಮ ಮಂಡಿನೋವಿನ ವೃತ್ತಾಂತ ಹೇಳಿದರು. ಹಿಂದೆ ಸುಮತಿ ಸುಖವಾಗಿ ತೂಕಡಿಸುತ್ತಿದ್ದಳು. ಕನ್ನಡಿಯಲ್ಲಿ ಅದನ್ನು ನೋಡುತ್ತ ನೋಡುತ್ತ ನನ್ನ ಸಿಟ್ಟೂ ಇಳಿಯಿತು.

ಇಳಿಯುವಾಗ ಅವರು ಕೊಟ್ಟ ದುಡ್ಡನ್ನು ನಾನು ತೆಗೆದುಕೊಳ್ಳಲಿಲ್ಲ. ಇದು ಟ್ಯಾಕ್ಸಿಯಲ್ಲ, ಮನೆಯ ಗಾಡಿ ಎಂದು ಅವರಿಗೆ ಆಗ ಹೊಳೆಯಿತು. ಹಿಂದಕ್ಕೆ ತಿರುಗಿ, ಗಾಡಿ ನಿಂತಾಗ ಎಚ್ಚರಗೊಂಡಿದ್ದ ಸುಮತಿಗೆ ಕೈಮುಗಿದು, "ಬಾಯಿಸಾಹೇಬ್, ನಿಮ್ಮ ಡ್ರೈವರ್ ತುಂಬಾ ಒಳ್ಳೆಯವನು" ಎಂದರು ಮರಾಠಿಯಲ್ಲಿ.

"ಹೌದು, ಮೂವತ್ತು ವರ್ಷದಿಂದ ಇದ್ದಾರೆ. ಒಂದು ದಿನವೂ ರಜೆ ಹಾಕಿಲ್ಲ" ಎಂದು ಅವಳೂ ಮರಾಠಿಯಲ್ಲೇ ಹೇಳಿದಳು.

ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ಮಗಳ ಮನೆಯ ಗೇಟಿನಲ್ಲಿ ಗಾಡಿ ನಿಲ್ಲಿಸಿ, ನಾನೇ ಓಡಿಹೋಗಿ ಹಿಂದಿನ ಬಾಗಿಲು ತೆರೆದೆ.