ಮೂರು ಭಾಷೆಯ ಕೃತಜ್ಞತೆ ಮತ್ತು ಒಂದು ನರಹುಲಿ

ಎರಡು ಸಾವಿರದ ಇಸವಿ ಹುಟ್ಟಿದೊಡನೆ ಜಗತ್ತಿನ ಗಣಕಯಂತ್ರಗಳೆಲ್ಲ ಕೆಟ್ಟು ನಿಲ್ಲುತ್ತವೆಂದು ಜಪಾನಿನ ನಿಶಿ ಕಸಾಯಿ ಬಡಾವಣೆಯ ನಮ್ಮವರು ನಡುಗುತ್ತಿದ್ದಾಗ, ಮಗಳ ಮನೆಯಲ್ಲಿದ್ದ ನಾನು ನಿಶ್ಚಿಂತನಾಗಿದ್ದೆ. ನಮ್ಮ ಕಟ್ಟಡದ ಕೆಮ್ಮು, ನೆಗಡಿ, ದೃಷ್ಟಿದೋಷಗಳಿಗೆ ನಾನೇ ಏಕೈಕ ಪರಿಹಾರಕರ್ತನಾಗಿದ್ದೆನಲ್ಲ!

ಆಗ ಐದನೆಯ ಮಹಡಿಗೆ ಬ್ರಿಜಿಟ್ ಬಂದಳು. ಐರ್ಲೆಂಡಿನವಳು, ಇಂಗ್ಲಿಷ್ ಕಲಿಸುವವಳು, ಅಜ್ಜಿಯ ಹಳ್ಳಿಮದ್ದು ಬಲ್ಲವಳು. ಬಂದ ವಾರವೇ ಕೆಮ್ಮುತ್ತಿದ್ದ ಆಕೆಗೆ ಶುಂಠಿ ಕಷಾಯ ಕೊಟ್ಟೆ. ಕುಡಿದಳು. ಒಂದು ‘ಥ್ಯಾಂಕ್ಸ್’ ಕೂಡ ಹೇಳದೆ ಲೋಟ ಕೈಗಿತ್ತು ಹೊರಟೇಹೋದಳು! ಆ ಅವಮಾನವನ್ನು ತಿಥಿ, ನಕ್ಷತ್ರ ಸಮೇತ ನೆನಪಿಟ್ಟುಕೊಂಡೆ.

ಬರಬರುತ್ತ ನಮ್ಮವರೆಲ್ಲ ಅವಳ ಬಳಿಗೇ ಹೋಗತೊಡಗಿದರು. ಅವಳ ಬಾಗಿಲಲ್ಲಿ ಒಮ್ಮೆ ಏಳು ಜೊತೆ ಚಪ್ಪಲಿ ಎಣಿಸಿದೆ. ಏಳೂ ನನಗೆ ಪರಿಚಿತ! ತನ್ನೂರಿನಲ್ಲಿ ಹಸುವಿಗೆ ಕಣ್ಣು ತಾಗದಿರಲೆಂದು ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟುತ್ತಾರೆಂದು ಆಕೆ ಹೇಳಿದ್ದೇ ತಡ, ನನ್ನ ಸ್ವಂತ ಅಳಿಯ ಕಂಪ್ಯೂಟರಿನ ವೈರ್‌ಗೆ ಕೆಂಪು ರಿಬ್ಬನ್ ಕಟ್ಟಿದ.

“ನಾನು ನಿಂಬೆಹಣ್ಣು ನಿವಾಳಿಸ್ತೀನಿ ಅಂದಾಗ ನಕ್ಕಿದ್ರಲ್ಲ?”

“ಮಾವ, ನಿಂಬೆಹಣ್ಣು ಕೀಬೋರ್ಡ್ ಮೇಲೆ ಸೋರುತ್ತೆ. ರಿಬ್ಬನ್ ಕ್ಲೀನ್ ಸೊಲ್ಯೂಷನ್!”

ಅಷ್ಟರಲ್ಲಿ ನನ್ನ ಮೂಗಿನ ತುದಿಯಲ್ಲೇ ನರಹುಲಿ ಎದ್ದಿತು. ನನ್ನ ಲೇಪಗಳೆಲ್ಲ ಸೋತವು.

“ಬ್ರಿಜಿಟ್ ಹತ್ರ ಹೋಗ್ರೀ,” ಎಂದಳು ಮಡದಿ ಕಮಲಾ. “ವೈದ್ಯರ ಮೂಗೇ ಹೀಗಿದ್ರೆ ನಿಮ್ಮ ಹತ್ರ ಯಾರ್ ಬರ್ತಾರೆ?”

ಹೋದೆ. ಪ್ರತಿಸ್ಪರ್ಧಿಯ ವಿದ್ಯೆಯನ್ನು ಪರಿಶೀಲಿಸುವ ಘನ ಉದ್ದೇಶದಿಂದ ಮಾತ್ರ!

ಆಕೆ ಆಲೂಗಡ್ಡೆಯ ಹೋಳಿನಿಂದ ಮೂಗು ಉಜ್ಜಿ, ಹೋಳನ್ನು ಹೂಕುಂಡದಲ್ಲಿ ಹೂತಳು. ಅದು ಕೊಳೆತಂತೆ ನರಹುಲಿಯೂ ಕರಗುವುದಂತೆ. ಮರ್ಯಾದೆಯೆಂದರೇನೆಂದು ಅವಳಿಗೆ ಕಲಿಸಲು ಇದೇ ಸಮಯ! ಸೊಂಟ ಬಾಗಿಸಿ, ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ: “ಥ್ಯಾಂಕ್ ಯೂ! ಧನ್ಯವಾದ! ಅರಿಗಾತೋ!”

ಬ್ರಿಜಿಟ್ ತಲೆಯ ಮೇಲೆ ಕೈ ಹೊತ್ತಳು. “ಅಯ್ಯೋ ಅಂಕಲ್‌ಸಾನ್! ಮದ್ದಿಗೆ ಥ್ಯಾಂಕ್ಸ್ ಹೇಳಿದರೆ ಅದು ಹಿಡಿಯುವುದೇ ಇಲ್ಲ! ನಿಮ್ಮ ಕಷಾಯಕ್ಕೆ ನಾನು ಹೇಳಿದೆನೇ? ಬಾಯಿ ಬಿಗಿಹಿಡಿದು ಹೋದೆ. ಮರುದಿನವೇ ಕೆಮ್ಮು ಮಾಯ!”

ತಿಥಿ, ನಕ್ಷತ್ರ ಸಮೇತ ನಾನು ಕಾಪಾಡಿಕೊಂಡಿದ್ದ ಅವಮಾನ, ನನ್ನ ವೈದ್ಯಕ್ಕೆ ಸಂದ ಏಕೈಕ ಗೌರವವಾಗಿತ್ತು!

“ಸುಮಿಮಾಸೆನ್,” ಎಂದು ಕ್ಷಮೆ ಕೋರಿ ಕೆಳಗಿಳಿದೆ.

ಎಲ್ಲವನ್ನೂ ಕೇಳಿದ ಕಮಲಾ ಯೋಚಿಸಿ ಹೇಳಿದಳು: “ಅದಕ್ಕೇ ರೀ! ಇಷ್ಟು ದಿನ ಎಲ್ರೂ ನಿಮಗೆ ಥ್ಯಾಂಕ್ಸ್ ಹೇಳ್ತಾನೇ ಇದ್ರು. ಒಬ್ಬರಿಗೂ ವಾಸಿಯಾಗ್ಲಿಲ್ಲ.”

ಹೊಸ ಸಹಸ್ರಮಾನ ಬಂದಿತು. ರಿಬ್ಬನ್ ಕಟ್ಟಿದ ಗಣಕಯಂತ್ರಕ್ಕೆ ಏನೂ ಆಗಲಿಲ್ಲ.

ನನ್ನ ನರಹುಲಿಗೂ!